ಆರು ಚಕ್ರಕ್ಕೂ ಡ್ರೈವ್ ಇರುವ ಹಳೇ ಮಿಲಿಟರಿ ಲಾರಿ ಮಾರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಿಪೇರಿ ಮುಗಿಸಿ ಮಾರಾಟಕ್ಕೆ ನಿಲ್ಲಿಸಿದ ಡಿಸ್ಪೋಸಲ್ ಲಾರಿಯ (ಸೈನ್ಯ ಬಳಸಿ ಹರಾಜಿಗೆ ಹಾಕಿದ ಲಾರಿಯ) ಬಗ್ಗೆ ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ. ಅಳತೆ, ಲೆಕ್ಕ ಹೇಳುವ ಕಡೆ ಎರಡನೇ ಮಹಾಯುದ್ಧದ ಕಾಲದ ಎರಡೂವರೆ ಟನ್ನಿನ ಜಿಎಂಸಿ ಸಿಸಿಕೆಡಬ್ಲ್ಯೂ ಲಾರಿಯನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಡಾಜ್, ಟಾಟಾ, ತಾತ್ರಾ ಯಾವುದೇ ಇರಲಿ, ಕಾಗದಪತ್ರದ ಮಾತು ಎಲ್ಲಕ್ಕೂ ಒಂದೇ.

ಪೇಂಟಿಂಗ್, ಟಿಂಕರಿಂಗ್ ಎಲ್ಲ ಆಗಿದೆ. ಇನ್ನು ಜಾಹೀರಾತು ಹಾಕಬಹುದಾ?

ಹಾಕಬೇಡಿ. ಮೊದಲು ಆರ್‌ಸಿ (ನೋಂದಣಿ ಪತ್ರ) ತೆಗೆದು ಚಾಸಿಸ್ ನಂಬರಿನ ಜೊತೆ ತಾಳೆ ನೋಡಿ. ಇಂಥ ಗಾಡಿಗಳ ವ್ಯಾಪಾರ ಮುರಿದು ಬೀಳುವುದು ಎಂಜಿನ್ ಕೆಟ್ಟು ಅಲ್ಲ, ನಂಬರ್ ಹೊಂದದೆ. ಚಾಸಿಸ್ ನಂಬರನ್ನು ಚಾಸಿಸ್ಸಿನ ಉದ್ದ ತೊಲೆಯ (ರೈಲು) ಮುಂಭಾಗದಲ್ಲಿ ಕೊರೆದಿರುತ್ತಾರೆ. ಎಪ್ಪತ್ತೆಂಬತ್ತು ವರ್ಷದಲ್ಲಿ ಅದರ ಮೇಲೆ ಏಳೆಂಟು ಪದರ ಬಣ್ಣ ಕೂತಿರುತ್ತದೆ. ಆ ಜಾಗಕ್ಕೆ ಗ್ರೈಂಡರ್ ಹಚ್ಚಲೇಬೇಡಿ. ಒಂದೆರಡು ಅಕ್ಷರ ತೆಳುವಾದರೂ ತಿದ್ದಿದ ನಂಬರ್ ಎಂಬ ಅನುಮಾನ ಬರುತ್ತದೆ, ಆಮೇಲೆ ಯಾರಿಗೂ ಒಪ್ಪಿಸಲಾಗದು. ಪೇಂಟ್ ರಿಮೂವರ್ ಹಚ್ಚಿ ಕಾಲು ಗಂಟೆ ಬಿಡಿ, ಮರದ ಚಕ್ಕೆಯಿಂದ ಕೆರೆಯಿರಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಅಕ್ಷರದ ತಳ ಕಾಣಿಸಿದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯಿರಿ. ಮೂರು ಪ್ರತಿ ತೆಗೆದಿಡಿ, ಆರ್‌ಟಿಒ ಕಚೇರಿಗೂ ಕೊಳ್ಳುವವರಿಗೂ ಬೇಕಾಗುತ್ತದೆ. ಡ್ಯಾಶ್‌ಬೋರ್ಡಿನ ತಗಡಿನ ಪ್ಲೇಟು ಬೇರೆ ಗಾಡಿಯದೂ ಆಗಿರಬಹುದು, ಅದನ್ನು ನಂಬಿ ಕೂರಬೇಡಿ.

ಹಳೇ ಪುಸ್ತಕದ ಆರ್‌ಸಿ ಇದೆ. ಸಾಲದಾ?

ಆ ನಂಬರನ್ನು ಸಾರಿಗೆ ಇಲಾಖೆಯ ಆನ್‌ಲೈನ್ ದಾಖಲೆಯಾದ ವಾಹನ್ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಬರದಿದ್ದರೆ ಹಳೇ ದಾಖಲೆ ಕಂಪ್ಯೂಟರಿಗೆ ಏರಿಲ್ಲ ಎಂದರ್ಥ. ಮೂಲ ಆರ್‌ಸಿ, ತೆರಿಗೆ ಕಟ್ಟಿದ ರಸೀದಿ ಹಿಡಿದು, ನೋಂದಣಿ ಆದ ಕಚೇರಿಯಲ್ಲೇ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಚಿತ್ರದುರ್ಗದಲ್ಲಿ ನೋಂದಣಿಯಾದದ್ದು ಕೆಎ-16, ದಾವಣಗೆರೆಯದು ಕೆಎ-17. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಗಾಡಿಯಾದರೆ ಕಡತ ಚಿತ್ರದುರ್ಗದಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು, ಹುಡುಕಾಟ ಅಲ್ಲಿಂದಲೇ ಶುರು ಮಾಡಿ. ಬ್ಯಾಕ್‌ಲಾಗ್ ಆಗದೆ ವರ್ಗಾವಣೆ ಅರ್ಜಿ ಮುಂದೆ ಹೋಗುವುದಿಲ್ಲ. ಕೊಳ್ಳುವವರು ಬಂದು ಕುಳಿತ ಮೇಲೆ ಈ ಕೆಲಸ ಶುರು ಮಾಡಿದರೆ ಅವರು ಕಾಯುವುದಿಲ್ಲ.

ಸೈನ್ಯದ ಹರಾಜಿನಲ್ಲಿ ತಂದ ಗಾಡಿ, ಇನ್ನೂ ನೋಂದಣಿಯೇ ಆಗಿಲ್ಲ. ಮಾರಬಹುದಾ?

ಮಾರಬಹುದು, ಆದರೆ ಏನೆಂದು ಮಾರುತ್ತೀರಿ ಎಂಬುದು ಹರಾಜಿನ ಕಾಗದದ ಮೇಲೆ ನಿಂತಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮದಲ್ಲಿ ಮಾಜಿ ಸೈನಿಕ ವಾಹನದ ಮಾತು ಸ್ಪಷ್ಟವಾಗಿದೆ: ನೋಂದಣಿ ಅರ್ಜಿ ಫಾರಂ 20ರ ಜೊತೆ ಸಂಬಂಧಪಟ್ಟ ಅಧಿಕಾರಿ ಕೊಟ್ಟ ಫಾರಂ 21ರ ಮೂಲ ಮಾರಾಟ ಪತ್ರ ಬೇಕು. ಜೆರಾಕ್ಸ್ ನಡೆಯುವುದಿಲ್ಲ. ಕೇಂದ್ರ ಸರ್ಕಾರದ ಹರಾಜು ಸಂಸ್ಥೆ ಎಂಎಸ್‌ಟಿಸಿಯ ಇ-ಹರಾಜಿನ ಬಿಲ್ಲು, ಡೆಲಿವರಿ ಆರ್ಡರು, ಗೇಟ್ ಪಾಸು ಇವೆಲ್ಲ ಪೂರಕ ಕಾಗದಗಳು. ಫಾರಂ 21ರ ಜಾಗ ತುಂಬುವುದಿಲ್ಲ.

ಹರಾಜಿನ ಲಾಟಿನ ವಿವರಣೆಯಲ್ಲಿ ‘ಸ್ಕ್ರ್ಯಾಪ್’ ಎಂದಿದ್ದರೆ ಅದು ಕಬ್ಬಿಣ, ಗಾಡಿಯಲ್ಲ. ಎಷ್ಟೇ ಚೆಂದ ರಿಪೇರಿ ಮಾಡಿದರೂ ರಸ್ತೆಗೆ ನಂಬರ್ ಸಿಗುವುದಿಲ್ಲ. ಅದನ್ನು ಪ್ರದರ್ಶನಕ್ಕೆ, ಬಿಡಿಭಾಗಕ್ಕೆ ಎಂದು ಬಾಂಡ್ ಪೇಪರಿನಲ್ಲಿ ಬರೆದು ಮಾರಿ. ‘ನಂಬರ್ ಮಾಡಿಸಿಕೊಳ್ಳಬಹುದು ಬಿಡಿ’ ಎನ್ನುವ ಬ್ರೋಕರ್ ಮಾತನ್ನು ಜಾಹೀರಾತಿಗೆ ತರಬೇಡಿ.

ಐವತ್ತು ವರ್ಷ ದಾಟಿದೆ, ವಿಂಟೇಜ್ ನಂಬರ್ ಸಿಗುತ್ತದಲ್ಲ?

ಇಲ್ಲ. 2021ರ ವಿಂಟೇಜ್ ನಿಯಮ ಬಂದಿರುವುದು ದ್ವಿಚಕ್ರ ಮತ್ತು ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನಕ್ಕೆ. ಲಾರಿ ಅದರಲ್ಲಿ ಬರುವುದಿಲ್ಲ. ಸರಕು ವಾಹನ ಎಂದೇ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಫಿಟ್ನೆಸ್ ಪತ್ರ), ತೆರಿಗೆ, ವಿಮೆ ನಡೆಯಬೇಕು. 15 ವರ್ಷ ದಾಟಿದ ಭಾರಿ ವಾಹನದ ಎಫ್‌ಸಿ ಶುಲ್ಕವನ್ನು 2022ರಿಂದ ಬಹಳ ಏರಿಸಿದ್ದಾರೆ, ಎಫ್‌ಸಿಯೂ ವರ್ಷವರ್ಷ. ಇದನ್ನು ಕೊಳ್ಳುವವರಿಗೆ ಮೊದಲೇ ಹೇಳಿಬಿಟ್ಟರೆ ಸುಮ್ಮನೆ ನೋಡಲು ಬರುವವರ ಅರ್ಧ ಗುಂಪು ತಾನಾಗಿಯೇ ಕರಗುತ್ತದೆ.

ಮಿಲಿಟರಿ ಹಸಿರು ಬಣ್ಣ ಇದ್ದರೆ ಬೆಲೆ ಜಾಸ್ತಿ ಅಂತಾರೆ?

ಫೋಟೋದಲ್ಲಿ ಜಾಸ್ತಿ, ರಸ್ತೆಯಲ್ಲಿ ತಲೆನೋವು. ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಆಲಿವ್ ಗ್ರೀನ್ ಹೊಡೆಯಬಾರದೆಂದು ಮೇಲೆ ಹೇಳಿದ ಕೇಂದ್ರ ನಿಯಮಗಳ 121ನೇ ನಿಯಮ ಹೇಳುತ್ತದೆ. ಎಫ್‌ಸಿಗೆ ಹೋದರೆ ಬ್ರೇಕ್ ಇನ್‌ಸ್ಪೆಕ್ಟರ್ ಮೊದಲು ಬೆರಳು ತೋರಿಸುವುದೇ ಇದಕ್ಕೆ. ಮರಳಿನ ಬಣ್ಣ, ಬೂದಿ, ಕಂದು ಇವುಗಳಲ್ಲೊಂದು ಹೊಡೆಸಿ, ಆರ್‌ಸಿಯಲ್ಲಿ ಬಣ್ಣದ ಕಾಲಂ ತಿದ್ದಿಸಿ. ಮೇಲ್ಮುಖ ಬಾಣದ ಸೇನಾ ನಂಬರು, ರೆಜಿಮೆಂಟಿನ ಗುರುತು ಉಳಿದಿದ್ದರೆ ಅವನ್ನೂ ಅಳಿಸಿ. ಹಳೇ ಗುರುತು ಇಷ್ಟಪಡುವ ಸಂಗ್ರಾಹಕರಿಗೆ ಅಳಿಸುವ ಮುಂಚಿನ ಫೋಟೋ ತೆಗೆದಿಟ್ಟು ಕೊಡಿ, ಅಷ್ಟೇ ಸಾಕು.

ಹತ್ತು ಟೈರ್ ಇರುವ ಗಾಡಿಗೆ 6×6 ಅನ್ನುವುದು ಹೇಗೆ? ಆರೂ ಎಳೆಯುತ್ತವೆ ಎಂದು ತೋರಿಸುವುದು ಹೇಗೆ?

ಲೆಕ್ಕ ಹಬ್ಬಿನದು, ಟೈರಿನದಲ್ಲ. ಹಿಂದಿನ ನಾಲ್ಕು ಹಬ್ಬಿಗೆ ಜೋಡಿ ಟೈರು, ಮುಂದೆ ಒಂದೊಂದು; ಒಟ್ಟು ಆರು ಹಬ್, ಆರಕ್ಕೂ ಡ್ರೈವ್.

ತೋರಿಸುವುದಕ್ಕೆ ಗುಡ್ಡ ಹತ್ತಿಸಬೇಕಿಲ್ಲ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಮರದ ಅಡ್ಡಗಟ್ಟೆ ಕೊಡಿ. ಎಂಜಿನ್ ಬಂದ್, ಮೇನ್ ಗೇರ್ ನ್ಯೂಟ್ರಲ್. ಮುಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಮುಂದಿನ ಆಕ್ಸಲ್ಲಿಗೆ ಡ್ರೈವ್ ಕೊಡುವ ಲಿವರನ್ನು ಬಿಡಿಸಿದ ಸ್ಥಿತಿಯಲ್ಲಿ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಮುಂದಿನ ಪ್ರೊಪೆಲ್ಲರ್ ಶಾಫ್ಟೂ ಜೊತೆಗೆ ತಿರುಗಬೇಕು. ಶಾಫ್ಟ್ ತಿರುಗದೆ ಚಕ್ರ ಮಾತ್ರ ತಿರುಗಿದರೆ ಒಳಗೆ ಆಕ್ಸಲ್ ಶಾಫ್ಟೇ ಇಲ್ಲ, ಅಥವಾ ಮುರಿದಿದೆ. ಡೀಸೆಲ್ ಉಳಿಸಲೆಂದು ಮುಂದಿನ ಶಾಫ್ಟ್ ಬಿಚ್ಚಿಟ್ಟು ಓಡಿಸಿದ ಡಿಸ್ಪೋಸಲ್ ಲಾರಿಗಳು ಬೇಕಾದಷ್ಟಿವೆ; ಬಿಚ್ಚಿದ್ದು ಆಮೇಲೆ ಗುಜರಿಗೆ ಹೋಗಿರುತ್ತದೆ. ಈಗ ಲಿವರ್ ಹಾಕಿ, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಡ್ರೈವ್ ಹಂಚುವ ಗೇರ್ ಪೆಟ್ಟಿಗೆ) ಹೈನಲ್ಲಿರಲಿ. ನೆಲದ ಮೇಲಿನ ಹಿಂಚಕ್ರ ಶಾಫ್ಟನ್ನು ಹಿಡಿಯುತ್ತದೆ, ಎತ್ತಿದ ಚಕ್ರ ಸ್ವಲ್ಪ ಆಡಿ ನಿಲ್ಲಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ಲಿವರ್ ಲಿಂಕೇಜ್ ಅಥವಾ ಒಳಗಿನ ಡಾಗ್ ಕ್ಲಚ್ (ಹಲ್ಲಿನ ಜೋಡಣೆ) ಸವೆದಿದೆ.

ಜಿಎಂಸಿಯಲ್ಲಿ ಕೊನೆಯ ಆಕ್ಸಲ್‌ಗೆ ಹೋಗುವ ಶಾಫ್ಟ್, ನಡುವಿನ ಆಕ್ಸಲ್ ಮೇಲೆ ಕೂರಿಸಿದ ಪಿಲ್ಲೋ ಬ್ಲಾಕ್ (ಬೇರಿಂಗ್ ಇರುವ ಆಧಾರ) ಮೂಲಕ ಹಾದು ಹೋಗುತ್ತದೆ. ಎಲ್ಲರೂ ಗ್ರೀಸ್ ಮರೆಯುವ ಜಾಗ ಅದೇ. ಅಲ್ಲಿ ಕೈಯಿಟ್ಟು ಶಾಫ್ಟ್ ಅಲ್ಲಾಡಿಸಿ ನೋಡಿ. ಆಟ ಇದ್ದರೆ ಬೇರಿಂಗ್ ಬದಲಿಸಿಯೇ ಮಾರಿ. 40 ಕಿ.ಮೀ. ವೇಗಕ್ಕೆ ಬಂದಾಗ ನಡು ಬೆನ್ನಿಗೆ ತಾಗುವ ಗುಂಯ್ ಸದ್ದು ಎಷ್ಟೋ ಸಲ ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್ ಗೇರಿನದಲ್ಲ, ಇದರದ್ದು.

ಇನ್ನೊಂದು ಮಾತು. ಜಿಎಂಸಿಯ ಮೂರೂ ಡಿಫರೆನ್ಷಿಯಲ್ (ಎಡ, ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಸಾದಾ, ಲಾಕ್ ಇಲ್ಲ. ಪ್ರತಿ ಆಕ್ಸಲ್‌ನಲ್ಲಿ ಒಂದೊಂದು ಕಡೆಯ ಚಕ್ರ ಹಿಡಿತ ಕಳೆದುಕೊಂಡರೆ 6×6 ಕೂಡ ನಿಂತಲ್ಲೇ ಚಕ್ರ ತಿರುಗಿಸುತ್ತಾ ಕೂರುತ್ತದೆ. ‘ಎಲ್ಲಿಗೆ ಬೇಕಾದರೂ ಹೋಗುತ್ತೆ’ ಎಂದು ಬರೆಯಬೇಡಿ.

ಮುಂದಿನ ಆಕ್ಸಲ್ ಲಿವರ್ ಹಾಕಿದ ಮೇಲೆ ವಾಪಸ್ ಬರುತ್ತಿಲ್ಲ. ಕೆಟ್ಟಿದೆಯಾ?

ಬಹುತೇಕ ಕೆಟ್ಟಿಲ್ಲ. ಟಾರ್ ರಸ್ತೆಯಲ್ಲಿ ಲಿವರ್ ಹಾಕಿಕೊಂಡು ಓಡಿಸಿದ್ದೀರಿ. ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಂಥ ಗಾಡಿಯಲ್ಲಿ ಇರುವುದಿಲ್ಲ. ತಿರುವಿನಲ್ಲಿ ಮುಂಚಕ್ರ ಹೆಚ್ಚು ದೂರ ಓಡಬೇಕು. ಮಣ್ಣಾದರೆ ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಜಾರಲು ಜಾಗವಿಲ್ಲ. ಆ ತಿರುಚು ಶಾಫ್ಟುಗಳಲ್ಲೇ ಕೂಡಿಕೊಂಡು ಗೇರಿನ ಹಲ್ಲನ್ನು ಬಿಗಿಹಿಡಿಯುತ್ತದೆ. ಸ್ಟೇರಿಂಗ್ ನೇರ ಮಾಡಿ ಐದಾರು ಅಡಿ ರಿವರ್ಸ್ ಬನ್ನಿ, ಲಿವರ್ ತಾನೇ ಸಡಿಲಾಗುತ್ತದೆ. ಸುತ್ತಿಗೆಯಲ್ಲಿ ಹೊಡೆದು ಬಿಡಿಸಿದರೆ ಶಿಫ್ಟ್ ಫೋರ್ಕ್ ಬಾಗುತ್ತದೆ.

ಟೈರು ಒಂದೇ ಸಮ ಇಲ್ಲದಿದ್ದರೂ ಇದೇ ಕಾಟ. ಜಿಎಂಸಿಗೆ ಹಾಕುವ 7.50-20 ಅಳತೆಯ ಟೈರಿನ ಸುತ್ತಳತೆ ಸುಮಾರು 2.9 ಮೀಟರ್. ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿ ಶೇಕಡಾ 1ರಷ್ಟು, ಅಂದರೆ 29 ಮಿ.ಮೀ. ವ್ಯತ್ಯಾಸ ಬಂದರೂ, ನೂರು ಸುತ್ತಿಗೆ ಒಂದು ಪೂರ್ತಿ ಸುತ್ತು ಹೆಚ್ಚುಕಡಿಮೆ ಆಗುತ್ತದೆ. 290 ಮೀಟರ್ ಓಡುವಷ್ಟರಲ್ಲಿ ಶಾಫ್ಟ್ ಅಷ್ಟನ್ನೂ ನುಂಗಬೇಕು. ಗಾಡಿ ತೋರಿಸುವ ಮುಂಚೆ ದರ್ಜಿಯ ಟೇಪಿನಲ್ಲಿ ಹತ್ತೂ ಟೈರಿನ ಸುತ್ತಳತೆ ಅಳೆದು ಸೀಮೆಸುಣ್ಣದಲ್ಲಿ ಬರೆಯಿರಿ. ಜೋಡಿ ಟೈರಲ್ಲಿ ದೊಡ್ಡದು ಚಿಕ್ಕದು ಸೇರಿದ್ದರೆ ಅದಲುಬದಲು ಮಾಡಿ.

ಟೈರ್ ಹೊಸದು ಹಾಕಿಸಿ ಮಾರಲೇ, ಇದ್ದಂತೆ ಮಾರಲೇ?

ಹತ್ತು ಟೈರು ಮತ್ತು ಸ್ಟೆಪ್ನಿಯ ಖರ್ಚು ಬೆಲೆಯಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಬಿರುಕು ಬಿಟ್ಟಿದ್ದರೆ, ಕ್ಯಾನ್ವಾಸ್ ಕಂಡರೆ ಮಾತ್ರ ಬದಲಿಸಿ. 7.50-20 ಸಿಗದೆ 8.25-20 ಹಾಕುವುದಾದರೆ ಜೋಡಿ ಟೈರುಗಳ ನಡುವಿನ ಸಂದಿಯನ್ನು ಲೋಡ್ ಹಾಕಿ ನೋಡಿ, ಪಕ್ಕ ಪಕ್ಕ ಉಜ್ಜಬಾರದು.

ಟೈರನ್ನು ಹಿಡಿದಿಡುವ ಲಾಕ್ ರಿಂಗ್ ಇರುವ ರಿಮ್ಮಿನಲ್ಲಿ ಹುಷಾರಾಗಿರಿ. ರಿಂಗ್ ಕೂರುವ ತೋಡಿನಲ್ಲಿ ತುಕ್ಕು ಇದ್ದರೆ ಗಾಳಿ ತುಂಬುವಾಗ ರಿಂಗ್ ಹಾರಿ ಪ್ರಾಣ ತೆಗೆಯುತ್ತದೆ. ತೋಡನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಕಬ್ಬಿಣದ ಪಂಜರದೊಳಗೆ ಇಟ್ಟು, 10 ಪೌಂಡ್ ಗಾಳಿ ತುಂಬಿದಾಗ ನಿಲ್ಲಿಸಿ, ರಿಂಗ್ ಸುತ್ತಲೂ ಕೂತಿದೆಯಾ ನೋಡಿ, ಉದ್ದ ಹೋಸಿನಲ್ಲಿ ದೂರ ನಿಂತು ಉಳಿದದ್ದು ತುಂಬಿ. ಪಂಜರ ಇಲ್ಲದ ಪಂಕ್ಚರ್ ಅಂಗಡಿಗೆ ಈ ಚಕ್ರ ಕೊಡಬೇಡಿ.

ಮೂಲ ಪೆಟ್ರೋಲ್ ಎಂಜಿನ್ ಇಲ್ಲ, ಡೀಸೆಲ್ ಕೂರಿಸಿದ್ದಾರೆ. ಬೆಲೆ ಬೀಳುತ್ತದಾ?

ಸಂಗ್ರಾಹಕರ ಹತ್ತಿರ ಬೀಳುತ್ತದೆ, ಕೆಲಸಕ್ಕೆ ಕೊಳ್ಳುವವರ ಹತ್ತಿರ ಏರುತ್ತದೆ. ಜಿಎಂಸಿಯ ಮೂಲ ಎಂಜಿನ್ 270 ಘನ ಇಂಚು, ಅಂದರೆ 4.4 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್. ಲೀಟರಿಗೆ 3 ಕಿ.ಮೀ. ಆಸುಪಾಸು. ಈ ಲೆಕ್ಕ ಕೇಳಿದ ಮೇಲೆ ಟಾಟಾ 697, ಪರ್ಕಿನ್ಸ್ ಪಿ6 ಕೂರಿಸಿದವರನ್ನು ಬೈಯಲಾಗದು. ನೋಡಬೇಕಾದ್ದು ಮೂರು. ಎಂಜಿನ್ ನಂಬರ್, ಇಂಧನ ಎರಡೂ ಆರ್‌ಸಿಯಲ್ಲಿ ಬದಲಾಗಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಬದಲಾವಣೆ ಎಫ್‌ಸಿಗೂ ವಿಮೆಗೂ ಮುಳ್ಳು. ಕ್ಲಚ್ ಹೌಸಿಂಗ್ ಜೋಡಿಸುವ ಅಡಾಪ್ಟರ್ ಪ್ಲೇಟಿನ ಕೇಂದ್ರ ತಪ್ಪಿದ್ದರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಪದೇ ಪದೇ ಹೋಗುತ್ತದೆ. ಡಯಲ್ ಗೇಜ್ ಇಟ್ಟು ನೋಡಿಸಿ, ಲೇತ್ ಕೆಲಸಕ್ಕೆ ಹರಿಹರಕ್ಕಿಂತ ದೂರ ಹೋಗಬೇಕಿಲ್ಲ. ಮೂರನೆಯದು ಬ್ರೇಕು.

ಡೀಸೆಲ್ ಎಂಜಿನ್ನಿಗೂ ಬ್ರೇಕಿಗೂ ಏನು ಸಂಬಂಧ?

ಮೂಲ ಬ್ರೇಕಿನಲ್ಲಿ ಪೆಡಲ್ ಒತ್ತಿಗೆ ಬಲ ಸೇರಿಸುವ ಹೈಡ್ರೋವ್ಯಾಕ್ ಬೂಸ್ಟರ್ ನಡೆಯುವುದು ಪೆಟ್ರೋಲ್ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಮೇಲೆ. ಡೀಸೆಲ್ ಎಂಜಿನ್ನಿನಲ್ಲಿ ಆ ವ್ಯಾಕ್ಯೂಮ್ ಹುಟ್ಟುವುದಿಲ್ಲ, ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ಹಾಕದೆ ಹಾಗೇ ಬಿಟ್ಟ ಗಾಡಿಗೆ ಬ್ರೇಕ್ ಇದ್ದೂ ಇಲ್ಲದಂತೆ. ಪೆಡಲ್ ಮೇಲೆ ನಿಂತರೂ ಲೋಡ್ ಇಳಿಜಾರಲ್ಲಿ ತಡೆಯುವುದಿಲ್ಲ.

ಪರೀಕ್ಷೆ ಸುಲಭ. ಎಂಜಿನ್ ಬಂದ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಕಾಲಡಿ ಪೆಡಲ್ ಸ್ವಲ್ಪ ಇಳಿದರೆ ಬೂಸ್ಟರ್ ಜೀವಂತ. ಹಾಗೇ ಹಿಡಿದಿದ್ದಾಗ ನಿಧಾನಕ್ಕೆ ತಳಕ್ಕೆ ಹೋಗುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಹಾಳಾಗಿದೆ. ಹೊರಗೆಲ್ಲೂ ಸೋರದೆ ಬ್ರೇಕ್ ಆಯಿಲ್ ಕಡಿಮೆಯಾಗುತ್ತಾ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ಹೈಡ್ರೋವ್ಯಾಕ್ ಒಳಗಿನ ಸೀಲು ಸೋರಿ ಆಯಿಲನ್ನು ಎಂಜಿನ್ ಎಳೆದುಕೊಳ್ಳುತ್ತಿದೆ. ಆರು ಚಕ್ರಕ್ಕೂ ಇರುವುದು ಒಂದೇ ಸರ್ಕ್ಯೂಟ್. ಒಂದು ವ್ಹೀಲ್ ಸಿಲಿಂಡರ್ ಒಡೆದರೂ ಆರರ ಬ್ರೇಕೂ ಹೋಯಿತು. ಅದಕ್ಕೇ ಆರೂ ಸಿಲಿಂಡರಿನ ಕಿಟ್, ಎಲ್ಲ ರಬ್ಬರ್ ಹೋಸ್ ಬದಲಿಸಿದ ಬಿಲ್ ತೋರಿಸಿದರೆ, ಹೊಸ ಪೇಂಟಿಗಿಂತ ಹೆಚ್ಚು ಬೆಲೆ ಬರುತ್ತದೆ.

ಪೆಟ್ರೋಲ್ ಗಾಡಿ ಮಧ್ಯಾಹ್ನ ಬಿಸಿಲಲ್ಲಿ ನಿಂತು ಹೋಗುತ್ತದೆ. ನೋಡಲು ಬಂದವರೆದುರು ಮಾನ ಹೋಯಿತು.

ಚಿತ್ರದುರ್ಗದ ಏಪ್ರಿಲ್ ಬಿಸಿಲು, ಜೊತೆಗೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯುವುದಿಲ್ಲ. ಪೈಪನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಸರಿಸಿ, ನಡುವೆ ತಗಡಿನ ಮರೆ ಕೊಡಿ. ಹಳೇ ಪಂಪಿನ ಡಯಾಫ್ರಂ, ಕಾರ್ಕ್ ಗ್ಯಾಸ್ಕೆಟ್ ಎಥನಾಲಿಗೆ ಉಬ್ಬಿ ಹಾಳಾಗುತ್ತವೆ, ಹೊಸ ಬಗೆಯ ರಬ್ಬರಿನ ಕಿಟ್ ಹಾಕಿಸಿ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಕೂರುತ್ತದೆ. ಗಿರಾಕಿ ಬರುವ ಹಿಂದಿನ ದಿನ ಡ್ರೈನ್ ಪ್ಲಗ್ ಬಿಚ್ಚಿ ಒಂದು ಲೀಟರ್ ಗಾಜಿನ ಬಾಟಲಿಗೆ ಹಿಡಿದು ನೋಡಿ.

ಬೆಲೆ ಹೇಗೆ ಕಟ್ಟುವುದು?

ಮೂರು ಮೆಟ್ಟಿಲು. ತಳದ್ದು ಗುಜರಿ ಬೆಲೆ: ವೇ ಬ್ರಿಡ್ಜ್‌ನಲ್ಲಿ ಖಾಲಿ ತೂಕದ ಚೀಟಿ ತೆಗೆದು ಆ ದಿನದ ದರಕ್ಕೆ ಗುಣಿಸಿ. ಉದ್ದ ಚಾಸಿಸ್ಸಿನ ಜಿಎಂಸಿ ಸುಮಾರು 4 ಟನ್ ತೂಗುತ್ತದೆ. ಅದಕ್ಕಿಂತ ಕೆಳಗೆ ಯಾರೂ ಕೇಳುವಂತಿಲ್ಲ. ಎರಡನೆಯದು ಓಡುವ ಭಾಗಗಳ ಬೆಲೆ: ಟ್ರಾನ್ಸ್‌ಫರ್ ಕೇಸ್, ಮೂರು ಆಕ್ಸಲ್, ವಿಂಚ್ ಇದ್ದರೆ ವಿಂಚ್. ಜಿಎಂಸಿಯಲ್ಲಿ ಬ್ಯಾಂಜೋ, ಸ್ಪ್ಲಿಟ್ ಎಂದು ಎರಡು ಬಗೆಯ ಆಕ್ಸಲ್ ಇವೆ, ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ನಿಮ್ಮದು ಯಾವುದೆಂದು ಜಾಹೀರಾತಿನಲ್ಲೇ ಬರೆಯಿರಿ. ಮೇಲಿನ ಮೆಟ್ಟಿಲು ಕಾಗದ. ನಡೆಯುವ ಆರ್‌ಸಿ, ಚಾಲ್ತಿ ಎಫ್‌ಸಿ, ಹೊಂದುವ ನಂಬರ್ ಇದ್ದರೆ ಮಾತ್ರ ಗಾಡಿಯ ಬೆಲೆ ಕೇಳಬಹುದು, ಇಲ್ಲದಿದ್ದರೆ ಎರಡನೇ ಮೆಟ್ಟಿಲಲ್ಲೇ ನಿಲ್ಲುತ್ತೀರಿ. ರಿಪೇರಿಗೆ ಸುರಿದ ದುಡ್ಡು ಬೆಲೆಯಲ್ಲ. ಆ ಬಿಲ್ಲುಗಳ ಕಟ್ಟನ್ನು ನಂಬಿಕೆಗೆ ತೋರಿಸಿ, ಕೂಡಿಸಿ ಹೇಳಬೇಡಿ.

ಟ್ರಯಲ್ ಎಲ್ಲಿ ಕೊಡುವುದು? ಜೋಗಿಮಟ್ಟಿ ಹತ್ತಿಸಿ ತೋರಿಸಿ ಅನ್ನುತ್ತಾರೆ.

ಜೋಗಿಮಟ್ಟಿ ಅರಣ್ಯ ಇಲಾಖೆಯದು, ಆ ಮಾತೇ ಬೇಡ. ಪರಿಚಯದವರ ಕ್ವಾರಿ ಅಥವಾ ಹೊಲ ಸಾಕು, ಮಾಲೀಕರ ಒಪ್ಪಿಗೆ ಇರಲಿ. ಎರೆ ಭೂಮಿಯಲ್ಲಿ ಮಳೆ ಬಿದ್ದ ಮಾರನೇ ದಿನ ತೋರಿಸಲು ಹೋಗಬೇಡಿ. ಜೋಡಿ ಟೈರಿನ ಸಂದಿಗೆ ಎರೆಮಣ್ಣು ಮೆತ್ತಿಕೊಂಡರೆ ಟೈರಿನ ಬಟನ್ (ಹಲ್ಲು) ಮುಚ್ಚಿ ನುಣುಪಾದ ಉರುಳೆಯಾಗುತ್ತದೆ, ಆಮೇಲೆ ಎಷ್ಟು ಡ್ರೈವ್ ಇದ್ದರೇನು. ಸಡಿಲ ಗರಸು, ಸಣ್ಣ ಏರು ಇರುವ ಕಡೆ ಲಿವರ್ ಹಾಕಿ, ಲೋ ರೇಂಜಿಗೆ ನಿಂತೇ ಬದಲಿಸಿ, ಎರಡನೇ ಗೇರಿನಲ್ಲಿ ನಿಧಾನ ಏರಿಸಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಸದ್ದು ಬಂದರೆ ಮುಂಚಕ್ರದ ಹಿಂದಿನ ಗುಂಡು ಹೌಸಿಂಗಿನೊಳಗಿನ ಜಾಯಿಂಟ್ ಸವೆದಿದೆ. ಮುಚ್ಚಿಡದೆ ಹೇಳಿ, ಬೆಲೆಯಲ್ಲಿ ಇಳಿಸಿ. ಟ್ರಯಲ್ ಮುಗಿದ ಮೇಲೆ ಜೋಡಿ ಟೈರ್ ನಡುವೆ ಕಲ್ಲು ಸಿಕ್ಕಿದೆಯಾ ನೋಡದೆ ಹೆದ್ದಾರಿಗೆ ಬರಬೇಡಿ.

ದುಡ್ಡು, ಫಾರಂ, ಡೆಲಿವರಿ ಕ್ರಮ?

ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟು ನಗದು ಪಡೆಯುವಂತಿಲ್ಲ. ಕಂತು ಮಾಡಿದರೂ ಅದೇ ಲೆಕ್ಕ. ಬ್ಯಾಂಕಿಗೆ ಹಾಕಿಸಿಕೊಳ್ಳಿ. ನೀವು ಜಿಎಸ್‌ಟಿ ನೋಂದಾಯಿತ ವ್ಯಾಪಾರಿಯಾದರೆ ಹಳೇ ವಾಹನದ ಲಾಭಾಂಶದ ಮೇಲೆ ಶೇ 18, ಸಾಮಾನ್ಯ ಮಾಲೀಕರಿಗೆ ಇಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಇಬ್ಬರ ಸಹಿ. ಸಾಲ ಇದ್ದರೆ ಮೊದಲು ಫಾರಂ 35ರಲ್ಲಿ ಬ್ಯಾಂಕಿನ ಹೆಸರು ತೆಗೆಸಿ. ಹೊರರಾಜ್ಯಕ್ಕೆ ಹೋಗುವ ಗಾಡಿಗೆ ಫಾರಂ 28ರ ಎನ್‌ಒಸಿ ಬೇಕು.

ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ಕೈತೊಳೆದುಕೊಳ್ಳುವ ಅಭ್ಯಾಸ ಬಿಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅರ್ಜಿ ಆನ್‌ಲೈನಿನಲ್ಲಿ ಏರಿ ರಸೀದಿ ಬಂದ ಮೇಲೆ ಕೀ ಕೊಡಿ. ಡೆಲಿವರಿ ಚೀಟಿಯಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷ ಬರೆದು ಇಬ್ಬರೂ ಸಹಿ ಹಾಕಿ.

ಹುಬ್ಬಳ್ಳಿಗೋ ಬೆಂಗಳೂರಿಗೋ ಓಡಿಸಿಕೊಂಡು ಹೋಗುತ್ತೇನೆ ಅಂತಾರೆ. ಬಿಡಬಹುದಾ?

ಎಫ್‌ಸಿ, ವಿಮೆ ಇದ್ದರೆ ಕಾನೂನು ತಡೆಯುವುದಿಲ್ಲ, ಗಾಡಿ ತಡೆಯಬಹುದು. ಹೊಸದಾಗಿ ಕೂರಿಸಿದ ವ್ಹೀಲ್ ಬೇರಿಂಗ್ ಮೊದಲ 50 ಕಿ.ಮೀ.ಯಲ್ಲಿ ಸಡಿಲಾಗುವುದು ಮಾಮೂಲಿ. 20 ಕಿ.ಮೀ.ಗೊಮ್ಮೆ ನಿಲ್ಲಿಸಿ ಆರೂ ಹಬ್ಬನ್ನು ಕೈಯಲ್ಲಿ ಮುಟ್ಟಿ ನೋಡಲಿ. ಒಂದು ಉಳಿದವಕ್ಕಿಂತ ಬಿಸಿಯಿದ್ದರೆ ಅಲ್ಲೇ ನಿಲ್ಲಿಸಲಿ. ಎಡಗಡೆಯ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇದೆ ಎಂದು ಹೇಳಿ ಕಳಿಸಿ, ದಾರಿಯಲ್ಲಿ ಪಂಕ್ಚರ್ ಆದಾಗ ಸ್ಟಡ್ ಮುರಿದುಕೊಳ್ಳುವವರು ಇದು ಗೊತ್ತಿಲ್ಲದವರೇ. ದೂರ 100 ಕಿ.ಮೀ. ದಾಟಿದರೆ ಲೋ-ಬೆಡ್ ಟ್ರೇಲರ್ ಬಾಡಿಗೆಯೇ ಅಗ್ಗ. ಸೋವಿಯತ್ ಕಾಲದ ದೊಡ್ಡ ಲಾರಿ ಕ್ರಾಜ್-255ರಂಥ ಗಾಡಿಯಾದರೆ ಆಯ್ಕೆಯೇ ಇಲ್ಲ: ಅದರ ಅಗಲ 2.75 ಮೀಟರ್, ರಸ್ತೆಗೆ ಇರುವ ಮಿತಿ 2.6.

ಉಳಿದ ಬಿಡಿಭಾಗ ಗಾಡಿ ಜೊತೆ ಕೊಡಬೇಕಾ?

ಕೊಡಿ, ಪಟ್ಟಿ ಮಾಡಿ ಕೊಡಿ. ಬಿಚ್ಚಿದ ಕಾರ್ಬ್ಯುರೇಟರ್, ಹಳೇ ಕ್ರೌನ್-ಪಿನಿಯನ್, 6 ವೋಲ್ಟಿನ ಡೈನಮೋ ನಿಮಗೆ ಶೆಡ್ಡಿನ ಮೂಲೆಯ ಕಸ. ಕೊಳ್ಳುವವರಿಗೆ ಅವು ಬೇರೆಲ್ಲೂ ಸಿಗುವುದಿಲ್ಲ. ವೈರಿಂಗ್ 12 ವೋಲ್ಟಿಗೆ ಬದಲಾಗಿದ್ದರೆ ಯಾವ ಮೀಟರ್, ಯಾವ ಬಲ್ಬ್ ಇನ್ನೂ 6 ವೋಲ್ಟಿನದು ಎಂದು ಬರೆದ ಚೀಟಿಯನ್ನು ಡ್ಯಾಶ್‌ಬೋರ್ಡಿನ ಹಿಂದೆ ಅಂಟಿಸಿ ಬಿಡಿ.